ಕಪ್‌ನಲ್ಲಿ ಕೆಟ್ಟ ರುಚಿ ಬಂದರೆ ತಪ್ಪು ಎಲ್ಲಿ ಹುಡುಕಬೇಕು? ಗಿರಿ ಮೇಲಿನ ಸ್ಪೆಷಾಲಿಟಿ ಕಾಫಿಗೆ ದೋಷ ನಿವಾರಣೆ ಕೈಪಿಡಿ

ಫೆಬ್ರವರಿ ಕೊನೆಗೆ ಸ್ಯಾಂಪಲ್ ಕಳಿಸಿರುತ್ತೀರಿ. ಹದಿನೈದು ದಿನ ಬಿಟ್ಟು ಕೊಳ್ಳುವವರಿಂದ ಫೋನ್ ಬರುತ್ತದೆ. "ಸರ್, ಕಾಫಿ ಪರವಾಗಿಲ್ಲ, ಆದ್ರೆ ಕಪ್‌ನಲ್ಲಿ ಏನೋ ವಾಸನೆ ಇದೆ. ಈ ಲಾಟ್ ಬೇಡ." ಯಾವ ವಾಸನೆ, ಯಾಕೆ ಬಂತು ಅಂತ ಬಿಡಿಸಿ ಹೇಳುವವರು ಕಡಿಮೆ. ಅಷ್ಟೊತ್ತಿಗೆ ಕೊಯ್ಲು ಮುಗಿದಿರುತ್ತದೆ. ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್ ತೊಳೆದು ಮುಚ್ಚಿರುತ್ತೀರಿ. ಒಣಗಿಸುವ ಕಣ ಖಾಲಿ. ಕೈಯಲ್ಲಿ ಉಳಿದಿರುವುದು ಒಂದಿಷ್ಟು ಬೀಜ ಮಾತ್ರ.

ಆ ಬೀಜ ಸಾಕು. ಕ್ರಮವಾಗಿ ನೋಡುತ್ತಾ ಹೋದರೆ ತಪ್ಪು ಕಣದ್ದೋ, ಬೀಜ ಹುದುಗಿಸುವ ತೊಟ್ಟಿಯದ್ದೋ, ಗಿಡದ್ದೋ ಅಂತ ಗೊತ್ತಾಗುತ್ತದೆ. ಇಲ್ಲಿ ಬರೆದಿರುವುದು ಅದೇ ಕ್ರಮ. ಖರ್ಚಿಲ್ಲದ್ದು ಮೊದಲು, ಕಷ್ಟದ್ದು ಆಮೇಲೆ.

ನಮ್ಮ ತೋಟ ಕೈಮರದಿಂದ ಮೇಲೆ, ಬಾಬಾಬುಡನ್‌ಗಿರಿ ರಸ್ತೆಯ ಪಕ್ಕದಲ್ಲಿದೆ. 1,200 ಮೀಟರಿಗಿಂತ ಸ್ವಲ್ಪ ಮೇಲೆ. ಈ ಎತ್ತರದಲ್ಲಿ ಕಾಫಿ ಮಾಡುವವರಿಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕೆಳಗಿನ ತೋಟದ ಗಡಿಯಾರವನ್ನು ಮೇಲಕ್ಕೆ ತರಬೇಡಿ. ನೂರು ಮೀಟರ್ ಮೇಲೇರಿದರೆ ಸುಮಾರು 0.6 ಡಿಗ್ರಿ ತಂಪಾಗುತ್ತದೆ. ಆಲ್ದೂರು, ಮೂಡಿಗೆರೆ ಕಡೆಯ ನೆಂಟರು "ನಾವು ಇಷ್ಟು ಗಂಟೆ ತೊಟ್ಟಿಯಲ್ಲಿ ಬಿಡ್ತೀವಿ, ಇಷ್ಟು ದಿನ ಒಣಗಿಸ್ತೀವಿ" ಅಂದದ್ದನ್ನು ಹಾಗೇ ತಂದು ಇಲ್ಲಿ ಮಾಡಿದರೆ ಕೆಡುತ್ತದೆ. ಅಲ್ಲಿಗೂ ಇಲ್ಲಿಗೂ ಒಂದೆರಡು ಡಿಗ್ರಿ ವ್ಯತ್ಯಾಸ ಅಂದ್ರೆ ಕಡಿಮೆ ಅನಿಸಬಹುದು. ಹತ್ತು ಗಂಟೆಯ ತನಕ ಮಂಜು ಬಿಡದ ಕಣಕ್ಕೆ ಅದು ಕಡಿಮೆಯಲ್ಲ. ನಾನು ನೋಡಿದ ದೋಷಗಳಲ್ಲಿ ಜಾಸ್ತಿ ಪಾಲು ಹುಟ್ಟಿದ್ದು ಇಲ್ಲೇ.

ಎಲ್ಲಕ್ಕಿಂತ ಮೊದಲು: ಐದು ಲೋಟ

ಯಾವ ದೋಷ ಆದರೂ ಈ ಪರೀಕ್ಷೆಯಿಂದಲೇ ಶುರು ಮಾಡಿ. ಇದಕ್ಕೆ ಬೇಕಾದದ್ದು ಒಂದು ಸಣ್ಣ ತೂಕದ ಯಂತ್ರ, ಒಂದೇ ಅಳತೆಯ ಐದು ಲೋಟ, ಒಂದು ಚಮಚ.

ಬೀಜವನ್ನು ತಿಳಿಯಾಗಿ ಹುರಿಯಿರಿ. ಕಪ್ಪಗೆ ಹುರಿದರೆ ದೋಷ ಮುಚ್ಚಿಹೋಗುತ್ತದೆ. ಒಂದು ರಾತ್ರಿ ಬಿಡಿ. ಆಮೇಲೆ 200 ಮಿಲಿ ಲೋಟಕ್ಕೆ 11 ಗ್ರಾಂನಂತೆ ಇಡೀ ಬೀಜವನ್ನೇ ಐದು ಪಾಲು ಮಾಡಿ. ಪ್ರತಿ ಪಾಲನ್ನೂ ಬೇರೆ ಬೇರೆಯಾಗಿ ಪುಡಿ ಮಾಡಬೇಕು. ಇದನ್ನು ತಪ್ಪಿಸಬೇಡಿ. ಒಟ್ಟಿಗೆ ಪುಡಿ ಮಾಡಿ ಹಂಚಿದರೆ ಒಂದು ಕೆಟ್ಟ ಬೀಜ ಐದೂ ಲೋಟಕ್ಕೆ ಹರಡುತ್ತದೆ, ಪರೀಕ್ಷೆಯೇ ದಂಡ. ಕಪ್ಪಿಂಗ್, ಅಂದ್ರೆ ಹೀಗೆ ರುಚಿ ಪರೀಕ್ಷೆ ಮಾಡುವವರು ನೀರು ಸುಮಾರು 93 ಡಿಗ್ರಿ ಇರಲಿ ಅನ್ನುತ್ತಾರೆ. ನಮ್ಮ ಎತ್ತರದಲ್ಲಿ ನೀರು ಕುದಿಯುವುದೇ 96ರ ಹತ್ತಿರ. ಹಾಗಾಗಿ ಕುದಿ ಬಂದು ಒಲೆಯಿಂದ ಇಳಿಸಿದ ಮೇಲೆ ಒಂದು ನಿಮಿಷವೂ ಕಾಯಬೇಕಿಲ್ಲ, ಸುರಿಯಿರಿ. ನಾಲ್ಕು ನಿಮಿಷಕ್ಕೆ ಮೇಲಿನ ಕೆನೆಯನ್ನು ಚಮಚದಲ್ಲಿ ಒಡೆದು ಮೂಗು ಹತ್ತಿರ ತನ್ನಿ. ಹತ್ತು ನಿಮಿಷಕ್ಕೆ ರುಚಿ ನೋಡಿ. ಪೂರ್ತಿ ಆರಿದ ಮೇಲೆ ಇನ್ನೊಂದು ಸಲ ನೋಡಿ. ಬಿಸಿಯಲ್ಲಿ ಅಡಗಿದ ದೋಷ ತಣ್ಣಗಾದಾಗ ಎದ್ದು ಬರುತ್ತದೆ.

ಈಗ ಎಣಿಸಿ. ಕೆಟ್ಟ ರುಚಿ ಎಷ್ಟು ಲೋಟದಲ್ಲಿದೆ?

ಒಂದೇ ಲೋಟದಲ್ಲಿದ್ದರೆ ಲಾಟ್ ಕೆಟ್ಟಿಲ್ಲ. ಎಲ್ಲಿಂದಲೋ ನಾಲ್ಕು ಕೆಟ್ಟ ಬೀಜ ಸೇರಿಕೊಂಡಿವೆ. ಐದರಲ್ಲೂ ಒಂದೇ ಥರ ಇದ್ದರೆ ಇಡೀ ಲಾಟಿಗೇ ಏನೋ ಆಗಿದೆ. ತೊಟ್ಟಿ, ನೀರು, ಚೀಲ, ಗೋದಾಮು ನೋಡಬೇಕು. ಎರಡು ಮೂರು ಲೋಟದಲ್ಲಿದ್ದರೆ ಬಹುಮಟ್ಟಿಗೆ ಒಣಗಿಸುವಾಗ ಒಂದು ಭಾಗ ಕೆಟ್ಟಿದೆ, ಇಲ್ಲವೇ ಕೊಯ್ಲಿನಲ್ಲಿ ಹಸಿಕಾಯಿ ಸೇರಿದೆ.

ನೂರಕ್ಕೆ 80 ಅಂಕ ಬಂದರೆ ಮಾತ್ರ ಸ್ಪೆಷಾಲಿಟಿ ಅನ್ನುತ್ತಾರಲ್ವಾ, ಒಂದೇ ಲೋಟ ಕೆಟ್ಟರೂ ಆ ಅಂಕ ಕೈತಪ್ಪಬಹುದು. ಅದಕ್ಕೇ ಈ ಎಣಿಕೆ ಮುಖ್ಯ.

ಒಂದೇ ಲೋಟದಲ್ಲಿ ಕೊಳೆತ ನಾತ, ಉಳಿದ ನಾಲ್ಕು ಚೆನ್ನಾಗಿವೆ

ಸತ್ತ ಮೀನಿನ ಥರ, ಕೊಳೆತ ಈರುಳ್ಳಿ ಥರ ನಾತ. ಇದನ್ನು ಸ್ಟಿಂಕರ್ ಅನ್ನುತ್ತಾರೆ. ಪಾರ್ಚ್‌ಮೆಂಟ್‌ನಲ್ಲಿ, ಅಂದ್ರೆ ಒಳಸಿಪ್ಪೆ ಇರುವ ಬೀಜದಲ್ಲಿ, ಕಣ್ಣಿಗೆ ಕಾಣುವುದಿಲ್ಲ. ಸಿಪ್ಪೆ ತೆಗೆದರೂ ಎಷ್ಟೋ ಸಲ ಒಳ್ಳೆ ಬೀಜದ ಹಾಗೇ ಇರುತ್ತದೆ. ಒಡೆದರೆ ಮಾತ್ರ ಮೂಗು ಮುಚ್ಚಿಕೊಳ್ಳಬೇಕು.

ನಿನ್ನೆಯ ಬೀಜ ಇವತ್ತಿನ ಲಾಟಿಗೆ ಸೇರಿದಾಗ ಹೀಗಾಗುತ್ತದೆ. ಪಲ್ಪರ್ ಒಳಗೆ ಸಿಕ್ಕಿಕೊಂಡ ಒಂದು ಹಿಡಿ ಬೀಜ ಎರಡು ಮೂರು ದಿನ ಅಲ್ಲೇ ಕೊಳೆತು, ಆಮೇಲೆ ಹೊಸ ಹಣ್ಣಿನ ಜೊತೆ ಹೊರಗೆ ಬರುತ್ತದೆ. ಹುಡುಕಬೇಕಾದ ಜಾಗ ಹೆಚ್ಚೇನಿಲ್ಲ. ಪಲ್ಪರ್ ಡ್ರಮ್ಮಿಗೆ ಎದುರಾಗಿ ಕೂರುವ ಬ್ರೆಸ್ಟ್ ಪ್ಲೇಟ್ ಹಿಂದೆ, ಜರಡಿಯ ಮೂಲೆ, ಕಾಲುವೆ ತಿರುಗುವ ಜಾಗ, ತೊಟ್ಟಿಯ ತೂಬಿನ ಬಾಯಿ. ಬೆಳಗ್ಗೆ ಪಲ್ಪರ್ ಹಾಕುವ ಮೊದಲು ಟಾರ್ಚ್ ಹಿಡಿದು ಈ ನಾಲ್ಕೂ ಕಡೆ ನೋಡಿ. ಒಂದು ಬೀಜ ಸಿಕ್ಕಿದರೂ ರಾತ್ರಿ ತೊಳೆದದ್ದು ಸಾಲದು ಅಂತ ಅರ್ಥ. ತೊಟ್ಟಿಯ ಸಿಮೆಂಟ್ ಬಿರುಕು ಬಿಟ್ಟಿದ್ದರೆ ಅದರೊಳಗೂ ಬೀಜ ಕೂರುತ್ತದೆ. ಮಳೆಗಾಲ ಮುಗಿದ ಕೂಡಲೇ ಬಿರುಕು ಮುಚ್ಚಿಸಿಬಿಡಿ.

ಎಚ್ಚರಿಕೆ: ಕೈ ಹಾಕುವ ಮೊದಲು ಮೇನ್ ಸ್ವಿಚ್ ತೆಗೆದು, ಬೆಲ್ಟ್ ಕಳಚಿ. ಸ್ಟಾರ್ಟರ್ ಆಫ್ ಮಾಡಿದ್ದೇನೆ ಅಂತ ಸಮಾಧಾನ ಮಾಡಿಕೊಳ್ಳಬೇಡಿ, ಇನ್ನೊಬ್ಬರು ಬಂದು ಒತ್ತಿಬಿಡುತ್ತಾರೆ. ಸೆರಗು, ಟವೆಲ್, ಸಡಿಲ ತೋಳು ಯಂತ್ರದ ಹತ್ತಿರ ಇರಬಾರದು. ಪಲ್ಪರ್ ಮನೆಯ ನೆಲ ಸದಾ ಒದ್ದೆ. ಮೋಟಾರ್ ಮುಟ್ಟಿದಾಗ ಸ್ವಲ್ಪ ಜುಮ್ ಅಂದರೂ ಅಲ್ಲಿಗೇ ನಿಲ್ಲಿಸಿ ಎಲೆಕ್ಟ್ರಿಷಿಯನ್ ಕರೆಸಿ.

ಲಾಟ್ ಈಗಾಗಲೇ ಕೆಟ್ಟಿದ್ದರೆ? ಆ ಕೊಳೆತ ಬೀಜ ಅಲ್ಟ್ರಾವೈಲೆಟ್ ಬೆಳಕಿನಲ್ಲಿ ಹೊಳೆಯುತ್ತದೆ. ಕೆಲವು ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ (ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕಡೆ) ಹಾಗೆ ಆರಿಸುವ ವ್ಯವಸ್ಥೆ ಇರುತ್ತದೆ, ಕೇಳಿ ನೋಡಿ. ಸಣ್ಣ ಲಾಟ್ ಆದರೆ ಉಳಿಸಿಕೊಳ್ಳಬಹುದು.

ಐದೂ ಲೋಟದಲ್ಲಿ ವಿನೆಗರ್ ಹುಳಿ, ಹಳಸಿದ ಹಣ್ಣಿನ ವಾಸನೆ

ಒಳ್ಳೆಯ ಅರೇಬಿಕಾದಲ್ಲಿ ಹುಳಿ ಇರಲೇಬೇಕು. ಅದು ಕಿತ್ತಳೆ, ನಿಂಬೆಯ ಹುಳಿ. ಕುಡಿದ ಮೇಲೆ ಬಾಯಲ್ಲಿ ನೀರೂರುತ್ತದೆ. ದೋಷದ ಹುಳಿ ಗಂಟಲಲ್ಲಿ ಕುಟುಕುತ್ತದೆ, ಮೂಗಿಗೆ ಹತ್ತುತ್ತದೆ. ಎರಡು ದಿನದ ದೋಸೆ ಹಿಟ್ಟನ್ನು ನೆನಪಿಸಿಕೊಳ್ಳಿ.

ಮೊದಲು ಹಣ್ಣಿನ ರಾಶಿ ನೋಡಿ. ಸಂಜೆ ತೂಕ ಆದ ಮೇಲೆ ಚೀಲದ ನಡುವಿಗೆ ಮೊಣಕೈ ತನಕ ಕೈ ಇಳಿಸಿ. ಬೆಚ್ಚಗಿದ್ದರೆ ಅಲ್ಲೇ ಹುದುಗು ಶುರುವಾಗಿದೆ. ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ಬಿಸಿಲಲ್ಲಿ ಇಟ್ಟಿದ್ದರೆ ಇನ್ನೂ ಬೇಗ. ಕೊಯ್ದ ಹಣ್ಣನ್ನು ಅದೇ ದಿನ ಪಲ್ಪ್ ಮಾಡಬೇಕು. ಕರೆಂಟ್ ಇಲ್ಲ, ಆಳು ಇಲ್ಲ ಅಂತ ಒಂದು ರಾತ್ರಿ ಉಳಿದರೆ ಆ ಹಣ್ಣನ್ನು ಸ್ಪೆಷಾಲಿಟಿ ಲಾಟಿಗೆ ಸೇರಿಸಬೇಡಿ. ಸಿಪ್ಪೆ ಸಮೇತ ಇಡೀ ಹಣ್ಣನ್ನೇ ಬೇರೆ ಒಣಗಿಸಿ ಚೆರ್ರಿ ಮಾಡಿ.

ಹಣ್ಣು ಸರಿ ಇದ್ದರೆ ಮುಂದೆ ತೊಟ್ಟಿ. ಗಡಿಯಾರದ ತಪ್ಪು ಕಾಣಿಸುವುದು ಇಲ್ಲೇ. ಅರೇಬಿಕಾ ಬೀಜದ ಮೇಲಿನ ಲೋಳೆ ಬಿಡಲು ಸಾಮಾನ್ಯವಾಗಿ 24ರಿಂದ 36 ಗಂಟೆ ಅನ್ನುತ್ತಾರೆ. ಡಿಸೆಂಬರ್ ಚಳಿಯಲ್ಲಿ ನಮ್ಮಲ್ಲಿ 48 ಗಂಟೆ ಹಿಡಿದದ್ದೂ ಇದೆ. ಫೆಬ್ರವರಿಯಲ್ಲಿ ಸೆಕೆ ಏರಿದ ಮೇಲೆ ಅದೇ ತೊಟ್ಟಿ 24ಕ್ಕೆ ಮುಗಿಸುತ್ತದೆ. ಡಿಸೆಂಬರಿನ ಅಭ್ಯಾಸದಲ್ಲೇ ಫೆಬ್ರವರಿಯಲ್ಲೂ ಬಿಟ್ಟರೆ ಹುಳಿ ಬರದೆ ಇನ್ನೇನಾಗುತ್ತದೆ?

ಗಂಟೆ ಬಿಡಿ, ಕೈಯಿಂದ ನೋಡಿ. ತೊಟ್ಟಿಯ ನಡುವಿನಿಂದ ಒಂದು ಹಿಡಿ ಬೀಜ ತೆಗೆದು ನೀರಲ್ಲಿ ಅದ್ದಿ ಉಜ್ಜಿ. ಲೋಳೆ ಇನ್ನೂ ಇದ್ದರೆ ಬೀಜ ಮೀನಿನ ಥರ ಜಾರುತ್ತದೆ. ಮುಗಿದಿದ್ದರೆ ಹೊಳೆಯ ಸಣ್ಣ ಕಲ್ಲು ಉಜ್ಜಿದ ಹಾಗೆ ಗರಗರ ಅನ್ನುತ್ತದೆ. ಇನ್ನೊಂದು ಹಳೇ ವಿಧಾನ: ಒಂದು ಕೋಲನ್ನು ರಾಶಿಗೆ ನೆಟ್ಟಗೆ ಚುಚ್ಚಿ ಮೇಲೆತ್ತಿ. ತೂತು ಹಾಗೇ ನಿಂತರೆ ತೊಳೆಯುವ ಹೊತ್ತು ಬಂದಿದೆ. ಬೀಜ ಜಾರಿ ತೂತು ಮುಚ್ಚಿಕೊಂಡರೆ ಇನ್ನೂ ಕಾಯಿರಿ. ನಾನು ರಾತ್ರಿ ಹತ್ತಕ್ಕೆ ಒಂದು ಸಲ, ಬೆಳಗಿನ ಜಾವ ಐದಕ್ಕೆ ಒಂದು ಸಲ ಕೋಲು ಚುಚ್ಚಿ ನೋಡುತ್ತೇನೆ. ಚಳಿಯಲ್ಲಿ ಏಳುವುದು ಕಷ್ಟವೇ. ಆದರೆ ಆ ಐದು ಗಂಟೆಯ ಕೈ ಎಷ್ಟೋ ಲಾಟ್ ಉಳಿಸಿದೆ. ಪಿಎಚ್ ಮೀಟರ್ ಇದ್ದರೆ ಇನ್ನೂ ಒಳ್ಳೆಯದು. 4.5ರ ಆಸುಪಾಸು ಬಂದಾಗ ನಾನು ತೊಳೆಯುತ್ತೇನೆ, 4ಕ್ಕೆ ಇಳಿಯಲು ಬಿಡುವುದಿಲ್ಲ.

ಕೈ, ಕೋಲು ಎರಡೂ ಸರಿ ಅಂದರೂ ಹುಳಿ ಬಂದರೆ ನೀರು ನೋಡಿ. ಪಲ್ಪರ್ ನೀರನ್ನು ಮತ್ತೆ ಮತ್ತೆ ತಿರುಗಿಸಿ ಬಳಸುತ್ತೀರಾ? ನೀರು ಉಳಿಸಬೇಕು ನಿಜ. ಆದರೆ ಕೊನೆಯ ತೊಳೆತಕ್ಕಾದರೂ ಹೊಸ ನೀರೇ ಇರಲಿ.

ಈಚೆಗೆ ತುಂಬ ಜನ ಮುಚ್ಚಿದ ಡ್ರಮ್‌ನಲ್ಲಿ ಗಾಳಿ ಬಿಡದೆ ಹುದುಗಿಸುತ್ತಿದ್ದಾರೆ. ಮಾಡಿ, ಬೇಡ ಅನ್ನುವುದಿಲ್ಲ. ಆದರೆ ಸಾದಾ ತೊಳೆದ ಕಾಫಿ ದೋಷವಿಲ್ಲದೆ ಬರುವ ತನಕ ಡ್ರಮ್‌ಗೆ ಕೈ ಹಾಕಬೇಡಿ ಅನ್ನುವುದು ನನ್ನ ಅಭಿಪ್ರಾಯ. ದೋಷ ಡ್ರಮ್‌ನದ್ದೋ, ಹಣ್ಣಿನದ್ದೋ, ಕಣದ್ದೋ ಅಂತ ಬೇರ್ಪಡಿಸಲು ಆಗುವುದಿಲ್ಲ.

ಎಚ್ಚರಿಕೆ: ಹುದುಗುವಾಗ ಇಂಗಾಲದ ಡೈಆಕ್ಸೈಡ್ ಹೊರಡುತ್ತದೆ. ಅದು ಗಾಳಿಗಿಂತ ಭಾರ, ಆಳದ ತೊಟ್ಟಿಯ ತಳದಲ್ಲಿ ನಿಲ್ಲುತ್ತದೆ. ಡ್ರಮ್‌ಗೆ ಗ್ಯಾಸ್ ಬಿಡುವ ವಾಲ್ವ್ ಇರಲೇಬೇಕು. ಉಬ್ಬಿದ ಮುಚ್ಚಳದ ಮೇಲೆ ಮುಖ ಬಗ್ಗಿಸಬೇಡಿ. ಪಲ್ಪರ್ ನೀರಿನ ಗುಂಡಿಗೆ ಯಾವ ಕಾರಣಕ್ಕೂ ಯಾರನ್ನೂ ಇಳಿಸಬೇಡಿ. ಅಲ್ಲಿ ಇನ್ನೂ ಕೆಟ್ಟ ಗ್ಯಾಸ್ ಇರುತ್ತದೆ, ಎತ್ತಲು ಇಳಿದವರೂ ಮೇಲೆ ಬರುವುದಿಲ್ಲ. ಆ ಹುಳಿ ನೀರನ್ನು ಹಳ್ಳಕ್ಕೂ ಬಿಡಬೇಡಿ. ಗುಂಡಿಯಲ್ಲಿ ಸುಣ್ಣ ಹಾಕಿ ಹುಳಿ ಮುರಿಯಬೇಕು. ಯಗಚಿ, ವೇದಾವತಿ ಎರಡೂ ಹುಟ್ಟುವುದು ಈ ಬೆಟ್ಟಗಳಲ್ಲೇ. ಕೆಳಗೆ ಅದೇ ನೀರು ಕುಡಿಯುವವರಿದ್ದಾರೆ.

ಮುಗ್ಗಲು, ಮಣ್ಣು, ಔಷಧಿ ಅಂಗಡಿಯ ವಾಸನೆ

ಗಿರಿ ಮೇಲಿನ ತೋಟಗಳಿಗೆ ಎಲ್ಲಕ್ಕಿಂತ ದೊಡ್ಡ ಕಾಟ ಇದೇ. ಎರಡು ಮೂರು ಲೋಟದಲ್ಲಿ ಬಂದರೆ ಕಣದ ಒಂದು ಭಾಗ, ಐದರಲ್ಲೂ ಬಂದರೆ ಇಡೀ ಕಣ ಇಲ್ಲವೇ ಗೋದಾಮು.

ನಮಗೆ ಆದದ್ದನ್ನು ಹೇಳುತ್ತೇನೆ. 2021ರ ನವೆಂಬರ್‌ನಲ್ಲಿ ಅಕಾಲದಲ್ಲಿ ಮಳೆ ಸುರಿಯಿತಲ್ವಾ, ಆ ವರ್ಷ ಮಳೆಗೆ ಹೆದರಿ ರಾಶಿಗೆ ದಪ್ಪ ಟಾರ್ಪಾಲ್ ಬಿಗಿದು ಮುಚ್ಚಿಸಿದ್ದೆ. ಒಂದು ಹನಿ ಮಳೆಯೂ ಒಳಗೆ ಹೋಗಿರಲಿಲ್ಲ. ಆದರೂ ಐದು ಲೋಟದಲ್ಲಿ ಮೂರರಲ್ಲಿ ಮುಗ್ಗಲು. ತೇವದ ಮೀಟರ್ ಸರಿ, ತೊಟ್ಟಿ ಸರಿ, ಚೀಲ ಹೊಸದು. ತಲೆ ಕೆಟ್ಟು ಹೋಯಿತು. ಕೊನೆಗೆ ಕಣ ನೋಡಿಕೊಳ್ಳುವ ಅಕ್ಕ ಬೆಳಗ್ಗೆ ಏಳಕ್ಕೆ ಕರೆದು ತೋರಿಸಿದರು. "ಅಣ್ಣಾ, ಟಾರ್ಪಾಲ್ ಬೆವರ್ತದೆ, ಇಲ್ಲಿ ನೋಡಿ." ಅಂಚು ಮೆಲ್ಲಗೆ ಎತ್ತಿದರು. ಒಳಮೈ ತುಂಬ ಸಾಸಿವೆ ಕಾಳಿನಷ್ಟು ಹನಿಗಳು. ಎತ್ತಿದ ಕೂಡಲೇ ಒಂದಕ್ಕೊಂದು ಸೇರಿ ಮಡಿಕೆಯ ಕಡೆ ಓಡಿದವು. ಮಡಿಕೆಯಿಂದ ರಾಶಿಯ ಮೇಲೆ ಟಪಟಪ. ಆ ಮಡಿಕೆ ಇದ್ದ ಉದ್ದಕ್ಕೂ ಪಾರ್ಚ್‌ಮೆಂಟ್ ಮೇಲೆ ಎರಡು ಬೆರಳಗಲ ಕಂದು ಗೆರೆ ಬಿದ್ದಿತ್ತು. ಹಗಲಿನ ಬಿಸಿ ಆರದ ಕಾಫಿಯನ್ನೇ ಮುಚ್ಚಿದ್ದೆವು. ಅದರ ಹಬೆ ರಾತ್ರಿಯ ಚಳಿಗೆ ನೀರಾಗಿ ಅದರ ಮೇಲೇ ಬೀಳುತ್ತಿತ್ತು. ದಿನವೂ ಒಣಗಿಸಿ ದಿನವೂ ನೆನೆಸುತ್ತಿದ್ದೆವು.

ಹಾಗಾಗಿ ಮೊದಲ ಪರೀಕ್ಷೆ ಬೆಳಗ್ಗೆ ಟಾರ್ಪಾಲಿನ ಒಳಮೈ ಮುಟ್ಟಿ ನೋಡುವುದು. ಒದ್ದೆ ಇದ್ದರೆ ಸಂಜೆ ನಾಲ್ಕರಿಂದಲೇ ಕಾಫಿ ಹರವಿ ಆರಲು ಬಿಟ್ಟು, ತಣ್ಣಗಾದ ಮೇಲೆ ರಾಶಿ ಮಾಡಿ. ರಾಶಿ ಮೇಲೆ ಮೊದಲು ಒಣ ಗೋಣಿ ಹೊದಿಸಿ. ಟಾರ್ಪಾಲನ್ನು ಬಿದಿರು ಗಳದ ಮೇಲೆ ಒಂದು ಮೊಳ ಎತ್ತರಕ್ಕೆ ಕಟ್ಟಿ, ಗಾಳಿ ಆಡಲಿ. ನಾವು ಇಷ್ಟು ಮಾಡಿದ ಮೇಲೆ ಮುಗ್ಗಲು ಬಂದಿಲ್ಲ.

ಬೆವರು ಇಲ್ಲ ಅಂದರೆ ಹರವಿದ ದಪ್ಪ ನೋಡಿ. ಮೊದಲ ದಿನಗಳಲ್ಲಿ ಪಾರ್ಚ್‌ಮೆಂಟ್ 4 ಸೆಂಟಿಮೀಟರಿಗಿಂತ ದಪ್ಪ ಬೇಡ. ಗಂಟೆಗೊಂದು ಸಲ ಕೈಯಾಡಿಸಬೇಕು. ಒಳಗೆ ಕೈ ಹಾಕಿ ಬೀಜ ಒಂದಕ್ಕೊಂದು ಅಂಟಿಕೊಂಡಿದೆಯಾ ನೋಡಿ. ಅಂಟಿದ್ದರೆ ಒಂದೋ ಲೋಳೆ ಪೂರ್ತಿ ತೊಳೆದಿಲ್ಲ, ಇಲ್ಲ ಬೂಷ್ಟು ಹಿಡಿಯುತ್ತಿದೆ. ಕಣದ ಸಿಮೆಂಟ್ ಬಿರುಕಿನಲ್ಲಿ ಹಳೇ ಲಾಟಿನ ಬೀಜ ಉಳಿದಿದ್ದರೆ ಕೆದಕಿ ತೆಗೆಯಿರಿ. ಬಿಸಿಲು ಕಡಿಮೆ ಇರುವ ಇಳಿಜಾರಿನಲ್ಲಿ ನೆಲದ ಕಣಕ್ಕಿಂತ ಬಲೆ ಕಟ್ಟಿದ ಮಂಚ ವಾಸಿ. ಮೇಲೆ ಕೆಳಗೆ ಎರಡೂ ಕಡೆ ಗಾಳಿ ಸಿಗುತ್ತದೆ. ಖರ್ಚು ಇದೆ, ಆದರೆ ದುಡ್ಡು ಹಾಕುವುದಾದರೆ ಮೊದಲು ಇದಕ್ಕೇ ಹಾಕಿ ಅನ್ನುತ್ತೇನೆ.

ಒಣಗಿದೆಯಾ ಇಲ್ವಾ ಅನ್ನುವುದಕ್ಕೆ ಮೀಟರ್ ಇಲ್ಲದೆಯೂ ಒಂದು ದಾರಿ ಇದೆ. ಒಂದು ಹತ್ತಿ ಚೀಲದಲ್ಲಿ ಒಂದು ಕಿಲೋ ಪಾರ್ಚ್‌ಮೆಂಟ್ ಹಾಕಿ, ಬಾಯಿ ಕಟ್ಟಿ, ಅದೇ ಕಣದಲ್ಲಿ ಒಣಗಿಸಿ. ದಿನಾ ಸಂಜೆ ತೂಗಿ ಬರೆದಿಡಿ. ಬಿಸಿಲಿದ್ದೂ ಎರಡು ದಿನ ಒಂದೇ ತೂಕ ಬಂದರೆ ಒಣಗಿದೆ. ಅರೇಬಿಕಾ ಪಾರ್ಚ್‌ಮೆಂಟ್ ಶೇ. 10 ತೇವಕ್ಕೆ ಬರಬೇಕು. ಶೇ. 12 ದಾಟಿದ ಕಾಫಿಯನ್ನು ಚೀಲ ಕಟ್ಟಿದರೆ ಬೂಷ್ಟಿಗೆ ಬಾಗಿಲು ತೆಗೆದ ಹಾಗೆ. ಮೀಟರ್ ಇದ್ದವರು ವರ್ಷಕ್ಕೊಮ್ಮೆ ಕ್ಯೂರಿಂಗ್ ವರ್ಕ್ಸ್‌ನ ಮೀಟರ್ ಜೊತೆ ಹೋಲಿಸಿ ನೋಡಿ.

ಎಲ್ಲಿ ನಿಲ್ಲಿಸಬೇಕು: ಕಣ್ಣಿಗೆ ಬೂಷ್ಟು ಕಂಡ ಕಾಫಿಯನ್ನು ಒಳ್ಳೆಯದರ ಜೊತೆ ಬೆರೆಸಬೇಡಿ. ಬೂಷ್ಟು ಬಿಡುವ ಓಕ್ರಾಟಾಕ್ಸಿನ್ ಅನ್ನುವ ವಿಷ ಕಣ್ಣಿಗೆ ಕಾಣುವುದಿಲ್ಲ. ಹುರಿದರೂ ಪೂರ್ತಿ ಹೋಗುವುದಿಲ್ಲ. ಬಿಸಿಲಿಗೆ ಹಾಕಿ ವಾಸನೆ ಕಡಿಮೆ ಮಾಡಿದರೆ ಆಯ್ತು ಅಂದುಕೊಳ್ಳಬೇಡಿ. ಆ ಭಾಗ ಬೇರೆ ಇಟ್ಟು ಲ್ಯಾಬ್ ಪರೀಕ್ಷೆ ಮಾಡಿಸಿ. ಅದನ್ನು ಕೈಯಾಡಿಸುವವರಿಗೆ ಮಾಸ್ಕ್ ಕೊಡಿ. ಮಳೆ ಬಂತು ಅಂತ ಶೆಡ್ ಒಳಗೆ ಇದ್ದಿಲು ಹಾಕಿ ಬಾಗಿಲು ಮುಚ್ಚುವುದಂತೂ ಬೇಡವೇ ಬೇಡ. ಕಾಫಿಗೆ ಹೊಗೆ ಹಿಡಿಯುತ್ತದೆ. ಅದಕ್ಕಿಂತ ಹೆಚ್ಚಾಗಿ, ಒಳಗೆ ಮಲಗಿದವರ ಜೀವಕ್ಕೇ ಅಪಾಯ.

ಬೀಜದ ಬಣ್ಣ ಒಂದೇ ಥರ ಇಲ್ಲ

ಚೆನ್ನಾಗಿ ಒಣಗಿದ ತೊಳೆದ ಕಾಫಿ ನೀಲಿ ಮಿಶ್ರಿತ ಹಸಿರು, ಉದ್ದಕ್ಕೂ ಒಂದೇ ಬಣ್ಣ. ಮಚ್ಚೆ ಮಚ್ಚೆ ಇದ್ದರೆ ಒಣಗು ಸಮವಾಗಿಲ್ಲ. ಅಂಚು ಬಿಳಿಚಿಕೊಂಡಿದ್ದರೆ ಒಣಗಿದ ಮೇಲೆ ಮತ್ತೆ ತೇವ ಕುಡಿದಿದೆ. ಪಾರ್ಚ್‌ಮೆಂಟ್ ಸಿಪ್ಪೆ ಸೀಳಿದೆಯಾ ನೋಡಿ. ಸೀಳಿದ್ದರೆ ಮೊದಲೆರಡು ದಿನ ನಡು ಮಧ್ಯಾಹ್ನದ ಬಿಸಿಲು ನೇರ ಬಿದ್ದಿದೆ. ಬೆಳಗ್ಗೆಯ ಚಳಿಗೆ ಬೇಸತ್ತು ಮಧ್ಯಾಹ್ನ ತೆಳ್ಳಗೆ ಹರವಿ ಬೇಗ ಮುಗಿಸಲು ಹೋಗುತ್ತೇವೆ, ಅದು ಬೇಡ. ಹನ್ನೆರಡರಿಂದ ಎರಡರ ತನಕ ನೆರಳು ಬಲೆ ಕಟ್ಟಿದರೆ ಸಾಕು.

ಹುರಿದಾಗ ನಡುನಡುವೆ ಪೇಲವ ಬೀಜ, ಕಡಲೆಕಾಯಿ ಸಿಪ್ಪೆಯ ರುಚಿ

ಎಲ್ಲ ಬೀಜ ಕಂದು ಬಣ್ಣಕ್ಕೆ ತಿರುಗಿದರೂ ಕೆಲವು ಮಾತ್ರ ಹಳದಿಯಾಗೇ ಉಳಿಯುತ್ತವೆ. ಇವನ್ನು ಕ್ವೇಕರ್ ಅನ್ನುತ್ತಾರೆ. ಸ್ಪೆಷಾಲಿಟಿ ಲೆಕ್ಕದಲ್ಲಿ ಹುರಿದ 100 ಗ್ರಾಂನಲ್ಲಿ ಒಂದೂ ಇರಬಾರದು. ಹುರಿಯುವ ತನಕ ಇವು ಕಣ್ಣಿಗೆ ಬೀಳುವುದು ಕಷ್ಟ. ಅದಕ್ಕೇ ಕಳಿಸುವ ಮೊದಲು ನಾವೇ ಹುರಿದು ನೋಡಬೇಕು.

ಬಲಿಯದ ಕಾಯಿ ಕೊಯ್ದದ್ದೇ ಇದರ ಮೂಲ. ಸಂಜೆ ಯಾವುದಾದರೂ ಒಂದು ಚೀಲದಿಂದ ನೂರು ಹಣ್ಣು ಎಣಿಸಿ. ಪೂರ್ತಿ ಕೆಂಪಾಗದವು ಐದಕ್ಕಿಂತ ಜಾಸ್ತಿ ಇದ್ದರೆ ನಾನು ಆ ಚೀಲವನ್ನು ಸ್ಪೆಷಾಲಿಟಿ ಲಾಟಿಗೆ ಹಾಕುವುದಿಲ್ಲ. ಅರೆ ಕೆಂಪು ಹಣ್ಣನ್ನು ಹಿಸುಕಿ ನೋಡಿ, ಬೀಜ ಸಲೀಸಾಗಿ ಜಾರಿ ಬರದಿದ್ದರೆ ಬಲಿತಿಲ್ಲ.

ಕೊಯ್ಯುವವರನ್ನು ಬೈದರೆ ಇದು ಸರಿಯಾಗುವುದಿಲ್ಲ. ಕಿಲೋ ಲೆಕ್ಕದಲ್ಲಿ ಕೂಲಿ ಕೊಟ್ಟು "ಕೆಂಪು ಹಣ್ಣು ಮಾತ್ರ ಬಿಡಿಸಿ" ಅನ್ನುವುದು ನ್ಯಾಯವೂ ಅಲ್ಲ. ಆರಿಸಿ ಬಿಡಿಸಿದರೆ ತೂಕ ಬರುವುದಿಲ್ಲ, ಅವರ ಕೂಲಿ ಕಮ್ಮಿ ಆಗುತ್ತದೆ. ಸ್ಪೆಷಾಲಿಟಿ ಬ್ಲಾಕಿಗೆ ದಿನಗೂಲಿ ಕೊಡಿ, ಇಲ್ಲ ಕಿಲೋಗೆ ಜಾಸ್ತಿ ಕೊಡಿ.

ನಮ್ಮ ಕಡೆ ಇನ್ನೊಂದು ತೊಡಕಿದೆ. ಹೂಮಳೆ ಒಂದೇ ಸಲ ಬರುವುದಿಲ್ಲ. ಫೆಬ್ರವರಿ ಕೊನೆಗೆ ಸ್ವಲ್ಪ, ಮಾರ್ಚ್‌ನಲ್ಲಿ ಸ್ವಲ್ಪ, ಏಪ್ರಿಲ್‌ನಲ್ಲಿ ಮತ್ತೆ. ಮಳೆ ಮೂರು ಸಲ ಬಿದ್ದರೆ ಹೂವೂ ಮೂರು ಸಲ. ಒಂದೇ ರೆಕ್ಕೆಯಲ್ಲಿ (ಕೊಂಬೆಯಲ್ಲಿ) ಮೂರು ವಯಸ್ಸಿನ ಕಾಯಿ. ಅಂಥ ವರ್ಷ ನಾಲ್ಕೈದು ಸುತ್ತು ಕೊಯ್ಯದೆ ಬೇರೆ ದಾರಿ ಇಲ್ಲ. ಯಾವ ಬ್ಲಾಕಿಗೆ ಯಾವ ದಿನ ಹೂ ಬಂತು ಅಂತ ಪುಸ್ತಕದಲ್ಲಿ ಬರೆದಿಟ್ಟರೆ ಕೊಯ್ಲಿನ ಸುತ್ತು ಹೊಂದಿಸುವುದು ಸುಲಭ.

ಹಣ್ಣು ಪೂರ್ತಿ ಕೆಂಪಾಗಿದ್ದೂ ಕ್ವೇಕರ್ ಬರುತ್ತಿದ್ದರೆ ಗಿಡ ಸೋತಿದೆ. ಹೊರಲಾರದಷ್ಟು ಫಸಲು, ಕಡಿಮೆ ಎಲೆ. ಮುಂದೆ ಹಣ್ಣು ತೇಲುವ ಬಗ್ಗೆ ಬರೆದ ವಿಭಾಗ ನೋಡಿ.

ಬೀಜಕ್ಕೆ ಗಾಯ, ಸಿಪ್ಪೆ ಸುಲಿದ ಬೀಜ

ಪಲ್ಪರ್‌ನಿಂದ ಬಂದ ನೂರು ಬೀಜ ಎಣಿಸಿ. ಕಚ್ಚಿದ್ದು, ಸಿಪ್ಪೆ ಸುಲಿದದ್ದು ಎರಡು ಮೂರಕ್ಕಿಂತ ಜಾಸ್ತಿ ಇದ್ದರೆ ಪಲ್ಪರ್ ಬಿಗಿ ಜಾಸ್ತಿಯಾಗಿದೆ. ಚಂದ್ರಗಿರಿ ತಳಿಯ ಬೀಜ ದಪ್ಪ. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ 2007ರಲ್ಲಿ ಆ ತಳಿ ಬಿಟ್ಟ ಮೇಲೆ ಹಳೇ ತಳಿ ಎಸ್.795 ಜೊತೆ ಅದನ್ನೂ ನೆಟ್ಟವರು ಜಾಸ್ತಿ. ಎರಡನ್ನೂ ಬೆರೆಸಿ ಒಂದೇ ಬಿಗಿಯಲ್ಲಿ ಹಾಕಿದರೆ ದಪ್ಪ ಬೀಜಕ್ಕೆ ಗಾಯ ಆಗುತ್ತದೆ. ಬೇರೆ ಬೇರೆ ಹಾಕಿ. ಸ್ವಲ್ಪ ಹಣ್ಣು ಪಲ್ಪ್ ಆಗದೆ ಹೊರಬಂದರೂ ಚಿಂತೆಯಿಲ್ಲ, ಗಾಯ ಬೇಡ. ಬಿಗಿ ಸಡಿಲಿಸಿದರೂ ನಿಲ್ಲದಿದ್ದರೆ ಡ್ರಮ್ಮಿನ ತಾಮ್ರದ ತಗಡು ಸವೆದಿದೆ. ಅದು ಮೆಕ್ಯಾನಿಕ್ ಕೆಲಸ.

ತೊಟ್ಟಿಯಲ್ಲಿ ಹಣ್ಣು ಜಾಸ್ತಿ ತೇಲುತ್ತಿದೆ

ಪಲ್ಪರ್‌ಗೆ ಹಾಕುವ ಮೊದಲು ನೀರಲ್ಲಿ ತೇಲಿದ ಹಣ್ಣನ್ನು ತೆಗೆದು ಬೇರೆ ಹಾಕುವುದು ಎಲ್ಲರಿಗೂ ಗೊತ್ತು. ಹೋದ ವರ್ಷಕ್ಕಿಂತ ಜಾಸ್ತಿ ತೇಲುತ್ತಿದ್ದರೆ ಹತ್ತು ಹಣ್ಣು ಬ್ಲೇಡಿನಲ್ಲಿ ಅಡ್ಡ ಕುಯ್ದು ನೋಡಿ.

ಒಳಗೆ ಒಂದು ಕೋಣೆ ಖಾಲಿ, ಇನ್ನೊಂದು ಸರಿ ಇದ್ದರೆ ಕಾಯಿ ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟಿದೆ, ಇಲ್ಲ ಗೊಬ್ಬರ ಸಾಲದು. ಹಣ್ಣಿನ ತುದಿಯ ಹೊಕ್ಕುಳಲ್ಲಿ ಸೂಜಿ ಮೊನೆಯಷ್ಟು ತೂತಿದ್ದರೆ ಬೆರಿ ಬೋರರ್, ಅಂದ್ರೆ ಕಾಯಿ ಕೊರೆಯುವ ಹುಳ. ಆ ಹಣ್ಣನ್ನು ಕುದಿಯುವ ನೀರಲ್ಲಿ ಎರಡು ಮೂರು ನಿಮಿಷ ಅದ್ದಿ ಹುಳ ಸಾಯಿಸಿ. ಉದುರಿದ ಕಾಯಿ, ಗಿಡದಲ್ಲೇ ಉಳಿದ ಕಾಯಿ ಒಂದನ್ನೂ ಬಿಡದೆ ಆರಿಸಿ. ಮುಂದಿನ ವರ್ಷದ ಹುಳ ಉಳಿಯುವುದು ಅದರಲ್ಲೇ.

ಬೀಜ ಚಪ್ಪಟೆ, ಸೊರಗಿದ್ದರೆ ಗಿಡದ ಹತ್ತಿರ ಹೋಗಿ. ಎಲೆಯ ಹಿಂದೆ ಕಿತ್ತಳೆ ಬಣ್ಣದ ಪುಡಿ ಬೆರಳಿಗೆ ಅಂಟಿದರೆ ಎಲೆ ತುಕ್ಕು. ಇಡೀ ಗಿಡ ಹಳದಿ ತಿರುಗಿ, ಕಾಂಡದ ಮೇಲೆ ಬೆರಳಾಡಿಸಿದರೆ ಉಬ್ಬು ಗೆರೆ ಸಿಕ್ಕಿದರೆ ಬಿಳಿ ಕಾಂಡ ಕೊರಕ. ಆ ಗಿಡ ಉಳಿಯುವುದಿಲ್ಲ. ದುಂಬಿ ಹಾರುವುದು ಏಪ್ರಿಲ್-ಮೇ ಮತ್ತು ಅಕ್ಟೋಬರ್‌ನಿಂದ ಡಿಸೆಂಬರ್. ಅದಕ್ಕೆ ಮೊದಲೇ, ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ ಗುರುತಿಸಿ ಕಿತ್ತು ಸುಡಬೇಕು. ಬಿಸಿಲು ಬಿದ್ದ ಕಾಂಡಕ್ಕೇ ಈ ದುಂಬಿ ಜಾಸ್ತಿ ಬರುತ್ತದೆ. ಹಾಗಾಗಿ ಮರಗಸಿ (ನೆರಳು ಮರದ ಕೊಂಬೆ ಕಡಿಯುವುದು) ಮಾಡುವಾಗ ಕೈ ಬಿಗಿ ಹಿಡಿಯಿರಿ.

ಜುಲೈ ಮಂಜಿನಲ್ಲಿ ಎಲೆ ಕಪ್ಪಾಗಿ, ಕೊಳೆತು, ಒಂದು ದಾರಕ್ಕೆ ನೇತಾಡಿದರೆ ಅದು ಕೊಳೆರೋಗ. ಈ ರೋಗಕ್ಕೆ ವಿಜ್ಞಾನಿಗಳು ಇಟ್ಟ ಹೆಸರಿನಲ್ಲೂ 'ಕೊಳೆರೋಗ' ಅಂತ ನಮ್ಮ ಮಾತೇ ಇದೆ. ಕೊಳೆತ ಭಾಗ ಕಿತ್ತು ತೆಗೆದು, ಗಿಡದ ನಡುವೆ ಗಾಳಿ ಬೆಳಕು ಬಿಡಿ.

ತುಕ್ಕಿಗೂ ಕೊಳೆಗೂ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನೇ ಹೊಡೆಯುತ್ತೇವೆ. ತುಕ್ಕಿಗೆ ಶೇ. 0.5, ಅಂದ್ರೆ 200 ಲೀಟರಿಗೆ 1 ಕಿಲೋ ಮೈಲುತುತ್ತ. ಹೊಡೆದ ಮೇಲೆ ಎಲೆ ಸುಟ್ಟರೆ ಸುಣ್ಣ ಸಾಲದು. ಹೊಡೆಯುವ ಮೊದಲೇ ಕಬ್ಬಿಣದ ಚಾಕು ಒಂದು ನಿಮಿಷ ಅದ್ದಿ ನೋಡಿ, ಕೆಂಪು ತಾಮ್ರದ ಬಣ್ಣ ಹತ್ತಿದರೆ ಇನ್ನಷ್ಟು ಸುಣ್ಣ ಸೇರಿಸಿ. ಮೈಲುತುತ್ತವನ್ನು ಪ್ಲಾಸ್ಟಿಕ್ ಡ್ರಮ್ಮಿನಲ್ಲೇ ಕರಗಿಸಿ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಇರಲಿ.

ಮರಗಸಿ, ಮೆಣಸು ಕೊಯ್ಲಿಗೆ ಅಲ್ಯೂಮಿನಿಯಂ ಏಣಿ ಎತ್ತುವ ಮೊದಲು ತಲೆ ಎತ್ತಿ ಕರೆಂಟ್ ತಂತಿ ನೋಡಿ. ಏಣಿ ತಂತಿಗೆ ತಾಗಿ ಮಲೆನಾಡಿನಲ್ಲಿ ಎಷ್ಟು ಜೀವ ಹೋಗಿದೆ ಅಂತ ನಿಮಗೇ ಗೊತ್ತು. ತಂತಿ ಹತ್ತಿರದ ಮರಕ್ಕೆ ಲೈನ್‌ಮನ್ ಬಂದು ಕರೆಂಟ್ ತೆಗೆದ ಮೇಲೆಯೇ ಏಣಿ ಇಡಿ.

ಒಂದು ಬ್ಲಾಕಿನಲ್ಲಿ ಕಾಂಡ ಕೊರಕದ ಗಿಡ ದಿನದಿನಕ್ಕೆ ಜಾಸ್ತಿ ಸಿಗುತ್ತಿದ್ದರೆ, ಇಲ್ಲ ಯಾವ ರೋಗ ಅಂತಲೇ ತಿಳಿಯದಿದ್ದರೆ ಸುಮ್ನೆ ಅಂಗಡಿಯವರು ಕೊಟ್ಟ ಔಷಧಿ ಹೊಡೆಯಬೇಡಿ. ಕಾಫಿ ಮಂಡಳಿಯ ಸಂಪರ್ಕಾಧಿಕಾರಿಯನ್ನು ತೋಟಕ್ಕೆ ಕರೆಸಿ. ಬಾಳೆಹೊನ್ನೂರಿನ ಕೇಂದ್ರ 1925ರಿಂದ ಇದೇ ಕೆಲಸ ಮಾಡುತ್ತಿದೆ. ನಮಗೆ ಇಷ್ಟು ಹತ್ತಿರದಲ್ಲಿದೆ, ಬಳಸಿಕೊಳ್ಳೋಣ.

ಏಪ್ರಿಲ್‌ನಲ್ಲಿ ಚೆನ್ನಾಗಿತ್ತು, ಆಗಸ್ಟ್‌ನಲ್ಲಿ ಸಪ್ಪೆ

ಮರದ ಹೊಟ್ಟು, ಗೋಣಿ, ಹಳೇ ಕಾಗದದ ರುಚಿ ಬಂದರೆ ತಪ್ಪು ಗೋದಾಮಿನದ್ದು. ಏಪ್ರಿಲ್‌ನ ಸ್ಯಾಂಪಲ್ ಒಂದು ಕಿಲೋ ಗಾಳಿಯಾಡದ ಡಬ್ಬದಲ್ಲಿ ಇಟ್ಟಿದ್ದರೆ ಈಗ ಎರಡನ್ನೂ ಅಕ್ಕಪಕ್ಕ ಕುಡಿದು ನೋಡಿ. ಡಬ್ಬದ್ದು ಚೆನ್ನಾಗಿದ್ದರೆ ಅನುಮಾನವೇ ಬೇಡ.

ಮೊದಲು ಚೀಲ ಮೂಸಿ. ಗೊಬ್ಬರದ ಚೀಲ, ಮೆಣಸಿನ ಚೀಲ ಬಳಸಿದ್ದೀರಾ? ಕಾಫಿ ಯಾವ ವಾಸನೆ ಸಿಕ್ಕಿದರೂ ಹೀರಿಕೊಳ್ಳುತ್ತದೆ. ಆಮೇಲೆ ಚೀಲ ಇಟ್ಟ ಜಾಗ. ನೆಲದಿಂದ ಮರದ ಹಲಗೆ ಮೇಲೆ, ಗೋಡೆಯಿಂದ ಒಂದು ಅಡಿ ದೂರ ಇರಬೇಕು. ಡೀಸೆಲ್ ಕ್ಯಾನ್, ಔಷಧಿ ಡಬ್ಬ ಅದೇ ಕೋಣೆಯಲ್ಲಿ ಇರಬಾರದು.

ಇದೆಲ್ಲ ಸರಿ ಇದ್ದರೆ ಕಾರಣ ಮಳೆಗಾಲವೇ. ಮಂಗಳೂರು ಕಡಲತೀರದಲ್ಲಿ ಮಳೆಗಾಳಿಗೆ ಬೇಕಂತಲೇ ಕಾಫಿ ಒಡ್ಡಿ, ಬಿಳಿಚಿಸಿ, ಮಾನ್ಸೂನ್ಡ್ ಕಾಫಿ ಅಂತ ಮಾರುತ್ತಾರೆ. ಅದು ನೋಡಿಕೊಂಡು ಮಾಡುವ ಕೆಲಸ. ನಮ್ಮ ಗೋದಾಮಿನಲ್ಲಿ ತಾನಾಗೇ ಆದರೆ ಲಾಟ್ ಹಾಳು. ಗಿರಿ ಮೇಲೆ ಜೂನ್‌ನಿಂದ ಮುಂದೆ ಕಾಫಿ ಇಟ್ಟುಕೊಳ್ಳಲೇಬೇಡಿ. ಮೇ ಮುಗಿಯುವುದರೊಳಗೆ ಚಿಕ್ಕಮಗಳೂರು, ಹಾಸನ ಕಡೆಯ ಒಣ ಗೋದಾಮಿಗೆ ಇಳಿಸಿ. ಸಿಪ್ಪೆ ತೆಗೆಸದೆ ಪಾರ್ಚ್‌ಮೆಂಟ್ ಆಗೇ ಇರಲಿ. ಉಳಿಸಿಕೊಳ್ಳಲೇಬೇಕಾದ ಸಣ್ಣ ಲಾಟಿಗೆ ಗೋಣಿ ಒಳಗೆ ಗಾಳಿ ತೂರದ ಪ್ಲಾಸ್ಟಿಕ್ ಒಳಚೀಲ ಹಾಕಿ, ತಿಂಗಳಿಗೊಮ್ಮೆ ತೇವ ನೋಡಿ.

ಇಷ್ಟೆಲ್ಲ ನೋಡಿದ ಮೇಲೂ ಕಾರಣ ಸಿಗದಿದ್ದರೆ ಬೆಂಗಳೂರಿನಲ್ಲಿರುವ ಕಾಫಿ ಮಂಡಳಿಯ ಗುಣಮಟ್ಟ ಪ್ರಯೋಗಾಲಯಕ್ಕೆ ಕಳಿಸಿ. ಬರೀ ಬೀಜ ಕಳಿಸಬೇಡಿ. ಕೊಯ್ದ ದಿನ, ತೊಟ್ಟಿಯಲ್ಲಿದ್ದ ಗಂಟೆ, ಒಣಗಿದ ದಿನಗಳು, ಚೀಲ ಕಟ್ಟುವಾಗಿನ ತೇವ, ಐದು ಲೋಟದಲ್ಲಿ ಎಷ್ಟು ಕೆಟ್ಟಿತ್ತು ಅನ್ನುವುದನ್ನು ಒಂದು ಚೀಟಿಯಲ್ಲಿ ಬರೆದು ಚೀಲದೊಳಗೇ ಇಡಿ. ಆ ಚೀಟಿ ಇದ್ದರೆ ಅವರಿಗೂ ಎಲ್ಲಿ ಹುಡುಕಬೇಕು ಅಂತ ಗೊತ್ತಾಗುತ್ತದೆ.